ಕಾರಿಗೆ ಮೆಷಿನ್ ಪಾಲಿಶ್: ಅಂಚಿನ ಬಣ್ಣವೇ ಮೊದಲು ಹೋಗುವುದೇಕೆ?

ಕಾರು ಕೊಂಡು ಮೂರ್ನಾಲ್ಕು ವರ್ಷವಾಗುವಷ್ಟರಲ್ಲಿ ಅದರ ಮೈಮೇಲೆ ಗೀರುಗಳು ಕಾಣಿಸತೊಡಗುತ್ತವೆ. ಬಿಸಿಲಿನಲ್ಲಿ ನಿಲ್ಲಿಸಿ ನೋಡಿದರೆ ಬಾನೆಟ್ ಮೇಲೆ ಜೇಡರ ಬಲೆಯಂಥ ಸುರುಳಿ ಗೀರುಗಳು, ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟ ಕಡೆ ಬಿಳಿ ಚುಕ್ಕೆಗಳು. ಮೆಷಿನ್ ಪಾಲಿಶ್ ಮಾಡಿಸಿದರೆ ಇವೆಲ್ಲ ಹೋಗಿ ಕಾರು ಮತ್ತೆ ಹೊಸದರಂತೆ ಹೊಳೆಯುತ್ತದೆ. ಆದರೆ ಕೆಲವು ಕಾರುಗಳಲ್ಲಿ ಪಾಲಿಶ್ ಆದ ಮೇಲೆ ಬಾನೆಟ್ಟಿನ ಅಂಚು, ಬಾಗಿಲಿನ ಮೇಲಿನ ಏಣು ಅಥವಾ ಬಂಪರಿನ ಮೂಲೆಯಲ್ಲಿ ಮಾತ್ರ ಒಂದು ಮಂಕು ಗೆರೆ ಉಳಿಯುತ್ತದೆ. ಸರಿಯಾಗಿ ಉಜ್ಜಿಲ್ಲವೇನೋ ಎಂದು ಮತ್ತೊಮ್ಮೆ ಪಾಲಿಶ್ ಮಾಡಿದರೆ ಗೆರೆ ಹೋಗುವ ಬದಲು ಇನ್ನೂ ಅಗಲವಾಗುತ್ತದೆ.

ಆ ಗೆರೆ ಕೊಳೆಯಲ್ಲ. ಅಲ್ಲಿದ್ದ ಬಣ್ಣದ ಮೇಲ್ಪದರವೇ ಹೋಗಿದೆ ಎಂಬುದರ ಗುರುತು ಅದು. ಒಮ್ಮೆ ಹೋದರೆ ಯಾವ ಪಾಲಿಶ್ ಹಚ್ಚಿದರೂ ಅದು ಮರಳಿ ಬರುವುದಿಲ್ಲ. ಇಡೀ ಬಾನೆಟ್ ಚೆನ್ನಾಗಿದ್ದು ಅಂಚು ಮಾತ್ರ ಹೀಗಾಗುವುದು ಏಕೆ, ಇದನ್ನು ತಡೆಯುವುದು ಹೇಗೆ ಎಂಬುದನ್ನು ಈ ಬರಹದಲ್ಲಿ ನೋಡೋಣ.

ಪಾಲಿಶ್ ಎಂದರೆ ಸವೆಸುವುದು

ಕಾರಿನ ಪಾಲಿಶ್ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಎಂದರೆ, ಅದು ಬಣ್ಣದ ಮೇಲೆ ಹೊಳಪಿನ ಪದರವನ್ನು ಹಚ್ಚುತ್ತದೆ ಎಂಬುದು. ಹಚ್ಚುವ ಕೆಲಸ ವ್ಯಾಕ್ಸಿನದು. ಗ್ಯಾರೇಜುಗಳಲ್ಲಿ ರಬ್ಬಿಂಗ್ ಪಾಲಿಶ್ ಎಂದು ಕರೆಯುವ ಕಾಂಪೌಂಡ್ ಮಾಡುವುದು ಇದರ ತದ್ವಿರುದ್ಧ ಕೆಲಸ. ಅದರಲ್ಲಿ ಅಲ್ಯುಮಿನಿಯಂ ಆಕ್ಸೈಡಿನಂಥ ಗಟ್ಟಿ ಪುಡಿಯ ಅತಿ ಸಣ್ಣ ಕಣಗಳಿರುತ್ತವೆ. ತಿರುಗುವ ಪ್ಯಾಡು ಈ ಕಣಗಳನ್ನು ಬಣ್ಣದ ಮೇಲೆ ಉಜ್ಜಿ, ಗೀರಿನ ಅಕ್ಕಪಕ್ಕದ ಎತ್ತರವನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುತ್ತದೆ. ಅಂದರೆ ಗೀರನ್ನು ತುಂಬುವುದಿಲ್ಲ, ಸುತ್ತಲಿನ ನೆಲವನ್ನೇ ತಗ್ಗಿಸುತ್ತದೆ.

ಹಾಗಾದರೆ ತಗ್ಗಿಸಲು ಎಷ್ಟು ಜಾಗವಿದೆ? ಬಣ್ಣದ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಂದಿನ ಹೆಚ್ಚಿನ ಕಾರುಗಳ ಮೇಲೆ ಕಾರ್ಖಾನೆಯಲ್ಲಿ ಹಾಕಿದ ಎಲ್ಲ ಪದರಗಳೂ ಸೇರಿ 100ರಿಂದ 140 ಮೈಕ್ರಾನ್ ಇರುತ್ತವೆ. ಎಲ್ಲಕ್ಕಿಂತ ಕೆಳಗೆ, ಲೋಹಕ್ಕೆ ಅಂಟಿಕೊಂಡಂತೆ, ತುಕ್ಕು ತಡೆಯುವ ಪದರ ಸುಮಾರು 20 ಮೈಕ್ರಾನ್. ಅದರ ಮೇಲೆ 30 ಮೈಕ್ರಾನ್ ಆಸುಪಾಸಿನ ಪ್ರೈಮರ್. ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, 15ರಿಂದ 20 ಮೈಕ್ರಾನ್ ಅಷ್ಟೇ. ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಗಾಜಿನಂತೆ ತಿಳಿಯಾದ ಕ್ಲಿಯರ್ ಕೋಟ್, ಸುಮಾರು 40ರಿಂದ 50 ಮೈಕ್ರಾನ್.

ಕಾರಿನ ಹೊಳಪೆಲ್ಲ ಈ ಕ್ಲಿಯರ್ ಕೋಟಿನದು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳು ಇದರಲ್ಲಿ ಇರುವುದರಿಂದ ಕೆಳಗಿನ ಬಣ್ಣ ಮಾಸದೆ ಉಳಿಯುತ್ತದೆ. ನಾವು ಪಾಲಿಶ್ ಮಾಡುವುದು ಇದೊಂದೇ ಪದರವನ್ನು. ಗಟ್ಟಿ ಕಾಂಪೌಂಡ್ ಹಾಕಿ ಒಂದು ಸಲ ಚೆನ್ನಾಗಿ ಉಜ್ಜಿದರೆ ಇದರಲ್ಲಿ ಒಂದೆರಡರಿಂದ ನಾಲ್ಕೈದು ಮೈಕ್ರಾನ್ ಹೋಗಬಹುದು. ಸಮತಟ್ಟಾದ ಜಾಗದಲ್ಲಿ ಅಪರೂಪಕ್ಕೊಮ್ಮೆ ಇಷ್ಟು ಹೋದರೆ ತೊಂದರೆಯಿಲ್ಲ. ಅಂಚಿನ ಲೆಕ್ಕವೇ ಬೇರೆ.

ಅಂಚಿನಲ್ಲಿ ಒಟ್ಟಿಗೆ ಸೇರುವ ಮೂರು ಕಾರಣಗಳು

ಮೊದಲನೆಯದು ದಪ್ಪ. ಬಣ್ಣ ಹಾಕುವಾಗ ಅದು ದ್ರವ. ಯಾವ ದ್ರವವೂ ತನ್ನ ಮೇಲ್ಮೈಯನ್ನು ಆದಷ್ಟು ಕಿರಿದಾಗಿಸಿಕೊಳ್ಳಲು ನೋಡುತ್ತದೆ. ಇದನ್ನೇ ಮೇಲ್ಮೈ ಎಳೆತ ಎನ್ನುವುದು. ಚೂಪಾದ ಏಣಿನ ಮೇಲೆ ಬಿದ್ದ ಬಣ್ಣ ಆರುವ ಮೊದಲು ಈ ಎಳೆತಕ್ಕೆ ಸಿಕ್ಕಿ ಏಣಿನ ತುದಿಯಿಂದ ಎರಡೂ ಕಡೆಗೆ ಸರಿಯುತ್ತದೆ. ತುದಿಯಲ್ಲಿ ತೆಳು ಪದರ ಉಳಿಯುತ್ತದೆ. ಅದರ ಪಕ್ಕದಲ್ಲೇ ಕೆಲವೊಮ್ಮೆ ಬಣ್ಣ ಸೇರಿ ದಪ್ಪವೂ ಆಗಿರುತ್ತದೆ. ಮನೆಯ ಕಿಟಕಿಯ ಕಬ್ಬಿಣದ ಸರಳುಗಳನ್ನು ಗಮನಿಸಿ. ಚಪ್ಪಟೆ ಪಟ್ಟಿಗಳಲ್ಲಿ ಮುಖದ ಮೇಲಿನ ಬಣ್ಣ ಗಟ್ಟಿಯಾಗಿರುವಾಗಲೇ ಏಣುಗಳಲ್ಲಿ ಬಣ್ಣ ಹೋಗಿ ತುಕ್ಕು ಕಾಣಿಸಿಕೊಳ್ಳುತ್ತದೆ. ಕಾರಿನಲ್ಲೂ ಇದೇ ಕತೆ. ಅಂಚಿನಲ್ಲಿ ಎಷ್ಟು ಬಣ್ಣವಿದೆ ಎಂದು ಹೊರಗಿನಿಂದ ನೋಡಿ ಹೇಳಲಾಗದು.

ಎರಡನೆಯದು ಒತ್ತಡ. 5 ಇಂಚಿನ ಪ್ಯಾಡಿನ ವಿಸ್ತೀರ್ಣ ಸುಮಾರು 120 ಚದರ ಸೆಂಟಿಮೀಟರ್. ಮೆಷಿನ್ನಿನ ತೂಕವೂ ಸೇರಿ 5 ಕಿಲೋ ಭಾರ ಬಿದ್ದರೆ, ಸಮತಟ್ಟಾದ ಜಾಗದಲ್ಲಿ ಒಂದು ಚದರ ಸೆಂಟಿಮೀಟರಿಗೆ 40 ಗ್ರಾಂ ಆಸುಪಾಸು ಭಾರ ಬರುತ್ತದೆ. ಅದೇ ಪ್ಯಾಡು ಏಣಿನ ಮೇಲೆ ಕೂತು ಅರ್ಧ ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಪಟ್ಟಿಗೆ ಮಾತ್ರ ತಾಗುತ್ತಿದೆ ಎಂದುಕೊಳ್ಳಿ. ಈಗ ಅದೇ 5 ಕಿಲೋ 5 ಚದರ ಸೆಂಟಿಮೀಟರಿನ ಮೇಲೆ ಬೀಳುತ್ತದೆ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ. ಹೆಚ್ಚುಕಡಿಮೆ 25 ಪಟ್ಟು. ಪ್ಯಾಡಿನ ಸ್ಪಂಜು ಬಾಗುವುದರಿಂದ ನಿಜದಲ್ಲಿ ಇಷ್ಟು ಏರದಿರಬಹುದು, ಆದರೆ ಏಣಿನ ಮೇಲೆ ಹಲವು ಪಟ್ಟು ಹೆಚ್ಚು ಒತ್ತಡ ಬೀಳುವುದಂತೂ ಖಚಿತ. ಜೀನ್ಸ್ ಪ್ಯಾಂಟನ್ನು ಒಗೆದು ಒಗೆದು ಹೊಲಿಗೆಯ ಉಬ್ಬಿನಲ್ಲೇ ಮೊದಲು ಬಿಳಿಚಿಕೊಳ್ಳುವುದಕ್ಕೂ ಇದೇ ಕಾರಣ. ಉಬ್ಬಿದ ಕಡೆ ಉಜ್ಜುವಿಕೆಯೆಲ್ಲ ಬಂದು ಬೀಳುತ್ತದೆ.

ಮೂರನೆಯದು ಬಿಸಿ. ಉಜ್ಜಿದಾಗ ಹುಟ್ಟುವ ಬಿಸಿ ಬಾನೆಟ್ಟಿನ ನಡುಭಾಗದಲ್ಲಿ ಸುತ್ತಲಿನ ತಗಡಿಗೆಲ್ಲ ಹರಿದು ಹಂಚಿಹೋಗುತ್ತದೆ. ಅಂಚಿನಲ್ಲಿ ಒಂದು ಕಡೆ ತಗಡೇ ಮುಗಿದಿರುವುದರಿಂದ ಬಿಸಿ ಹರಿಯಲು ಇರುವ ದಾರಿ ಕಡಿಮೆ. ಬಿಸಿಯಾದ ಕ್ಲಿಯರ್ ಕೋಟ್ ಮೆತ್ತಗಾಗುತ್ತದೆ, ಮೆತ್ತಗಾದದ್ದು ಬೇಗ ಸವೆಯುತ್ತದೆ. ಬಂಪರ್ ಮತ್ತು ಕನ್ನಡಿಯ ಹೊದಿಕೆಯಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಅವು ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿನಲ್ಲಿ ಬಿಸಿ ಹರಿಯುವುದು ಉಕ್ಕಿನ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಉಜ್ಜಿದ ಜಾಗದಲ್ಲೇ ಬಿಸಿ ನಿಂತುಬಿಡುತ್ತದೆ.

ತೆಳು ಪದರ, ಹೆಚ್ಚು ಒತ್ತಡ, ಹೋಗದ ಬಿಸಿ. ಮೂರೂ ಒಂದೇ ಕಡೆ ಸೇರಿದಾಗ, ನಡುಭಾಗದಲ್ಲಿ ನಾಲ್ಕು ಸಲ ಉಜ್ಜಿದರೂ ಆಗದ ಹಾನಿ ಅಂಚಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಆಗಬಲ್ಲದು.

ಸಂದುಗಳಲ್ಲಿ ಅಡಗಿರುವ ತೊಂದರೆ

ಬಾನೆಟ್ಟಿಗೂ ಫೆಂಡರಿಗೂ ನಡುವೆ, ಬಾಗಿಲು ಬಾಗಿಲುಗಳ ನಡುವೆ ಸಣ್ಣ ಸಂದುಗಳಿರುತ್ತವೆ. ಇಲ್ಲಿನ ತೊಂದರೆ ಬೇರೆ ಬಗೆಯದು. ತೊಳೆದ ಮೇಲೂ ಸಂದಿನೊಳಗೆ ಮಣ್ಣು, ಮರಳಿನ ಕಣಗಳು ಉಳಿದಿರುತ್ತವೆ. ತಿರುಗುವ ಪ್ಯಾಡು ಸಂದಿನ ಮೇಲೆ ಹಾದುಹೋದಾಗ ಈ ಕಣಗಳನ್ನು ಎಳೆದುಕೊಂಡು ಬಂದು ಪಕ್ಕದ ಬಣ್ಣದ ಮೇಲೆ ಉಜ್ಜುತ್ತದೆ. ಗೀರು ತೆಗೆಯಲು ಹೋಗಿ ಹೊಸ ಗೀರು ಹಾಕಿದಂತಾಗುತ್ತದೆ.

ಅದೇ ಹೊತ್ತಿಗೆ ಪ್ಯಾಡಿನಿಂದ ಸಿಡಿದ ಕಾಂಪೌಂಡ್ ಸಂದಿನೊಳಗೆ ಸೇರಿ ಒಣಗಿ ಬಿಳಿ ಪುಡಿಯಾಗಿ ಗಟ್ಟಿಯಾಗುತ್ತದೆ. ವೈಪರ್ ಕೆಳಗಿನ ನೀರು ಚಿಮ್ಮುವ ತೂತು ಕಟ್ಟಿಕೊಳ್ಳಬಹುದು. ಬಣ್ಣ ಬಳಿಯದ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬಿದ್ದರಂತೂ ಅದರ ತರಿತರಿಯಾದ ಮೈಯೊಳಗೆ ಕೂತುಬಿಡುತ್ತದೆ, ತೆಗೆಯುವುದು ಕಷ್ಟ. ಕಿಟಕಿಯ ರಬ್ಬರ್ ಬೀಡಿಂಗಿಗೆ ಪ್ಯಾಡು ತಾಗಿದರೆ ರಬ್ಬರ್ ಹಾಳಾಗುತ್ತದೆ, ಅದರ ಕರಿ ಪಕ್ಕದ ಬಣ್ಣಕ್ಕೂ ಹತ್ತುತ್ತದೆ.

ಟೇಪ್ ಹಾಕುವುದು ಹೇಗೆ?

ಈ ಎಲ್ಲಕ್ಕೂ ಸುಲಭದ, ಕಡಿಮೆ ಖರ್ಚಿನ ಪರಿಹಾರ ಮಾಸ್ಕಿಂಗ್ ಟೇಪ್. ಪೇಂಟ್ ಅಂಗಡಿಗಳಲ್ಲಿ ಸಿಗುವ, ಕಾರಿಗೆಂದೇ ಇರುವ ಕಾಗದದ ಟೇಪ್ ಬಳಸಬೇಕು. ಡಬ್ಬಗಳಿಗೆ ಅಂಟಿಸುವ ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಬೇಡ. ಅದರ ಅಂಟು ಬಣ್ಣದ ಮೇಲೆಯೇ ಉಳಿದುಬಿಡುತ್ತದೆ.

ಮೊದಲು ಕಾರನ್ನು ತೊಳೆದು ಪೂರ್ತಿ ಒಣಗಿಸಿ. ಬಾನೆಟ್, ಬಾಗಿಲು, ಡಿಕ್ಕಿಗಳನ್ನು ತೆರೆದು ಸಂದಿನ ಒಳಭಾಗವನ್ನೂ ಒರೆಸಿ. ನಂತರ ಈ ಜಾಗಗಳಿಗೆ ಟೇಪ್ ಅಂಟಿಸಿ: ಬಾನೆಟ್, ಬಾಗಿಲು, ಡಿಕ್ಕಿಗಳ ಅಂಚುಗಳು, ಬಾಗಿಲುಗಳ ಮೇಲೆ ಉದ್ದಕ್ಕೂ ಹೋಗುವ ಏಣುಗಳು, ಚಕ್ರದ ಮೇಲಿನ ಕಮಾನಿನ ಅಂಚು, ಪೆಟ್ರೋಲ್ ಮುಚ್ಚಳದ ಸುತ್ತ, ಲೋಗೋ ಮತ್ತು ಅಕ್ಷರಗಳು, ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ನೀರು ಚಿಮ್ಮುವ ತೂತುಗಳು. ಸ್ಟಿಕ್ಕರ್ ಅಥವಾ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್ ಅಂಟಿಸಿದ್ದರೆ ಅದರ ಅಂಚಿಗೂ ಟೇಪ್ ಬೇಕು. ಇಲ್ಲವಾದರೆ ಪ್ಯಾಡಿಗೆ ಸಿಕ್ಕಿ ಅಂಚು ಏಳುತ್ತದೆ.

ಏಣಿನ ಮೇಲೆ ಆದಷ್ಟು ಕಿರಿದಾದ ಟೇಪನ್ನೇ ಹಾಕಿ, ಏಣು ಟೇಪಿನ ನಡುವೆ ಬರುವಂತೆ ನೋಡಿಕೊಳ್ಳಿ. ಟೇಪ್ ಅಗಲವಾದಷ್ಟೂ ಪಾಲಿಶ್ ಆಗದ ಪಟ್ಟಿ ಅಗಲವಾಗುತ್ತದೆ. ಸಂದಿನ ಮೇಲೆ ಹಾಕುವಾಗ ತುಸು ಅಗಲದ ಟೇಪ್ ತೆಗೆದುಕೊಂಡು ಎರಡೂ ಬದಿಯ ಅಂಚುಗಳನ್ನು ಸೇರಿಸಿ ಮುಚ್ಚಿ. ಆಗ ಒಳಗಿನ ಮರಳು ಹೊರಬರುವುದಿಲ್ಲ, ಹೊರಗಿನ ಕಾಂಪೌಂಡ್ ಒಳಹೋಗುವುದಿಲ್ಲ. ಅಂಟಿಸಿದ ಮೇಲೆ ಬೆರಳಿನಿಂದ ಚೆನ್ನಾಗಿ ಒತ್ತಿ. ಎದ್ದು ನಿಂತ ತುದಿ ಪ್ಯಾಡಿಗೆ ಸಿಕ್ಕರೆ ಟೇಪೆಲ್ಲ ಕಿತ್ತುಬರುತ್ತದೆ.

ಹಿಂದೆ ಯಾವಾಗಲೋ ಮತ್ತೆ ಬಣ್ಣ ಹೊಡೆಸಿದ ಭಾಗವಿದ್ದರೆ ಎಚ್ಚರ. ಅಲ್ಲಿನ ಬಣ್ಣ ಸರಿಯಾಗಿ ಹಿಡಿದಿರದಿದ್ದರೆ ಟೇಪಿನ ಜೊತೆಗೇ ಎದ್ದು ಬರಬಹುದು. ಕಣ್ಣಿಗೆ ಕಾಣದ ಮೂಲೆಯಲ್ಲಿ ಸಣ್ಣ ತುಂಡು ಅಂಟಿಸಿ ಕಿತ್ತು ನೋಡಿ. ಕೆಲಸ ಮುಗಿದ ಮೇಲೆ ಟೇಪನ್ನು ಅದರ ಮೇಲಕ್ಕೇ ಮಡಚಿಕೊಂಡಂತೆ, ನಿಧಾನವಾಗಿ ಬಿಡಿಸಿ. ಬಿಸಿಲಿನಲ್ಲಿ ದಿನಗಟ್ಟಲೆ ಬಿಡಬೇಡಿ, ಅಂಟು ಬೆಂದು ಹಿಡಿದುಕೊಳ್ಳುತ್ತದೆ. ಅಂಟು ಉಳಿದರೆ ಬ್ಲೇಡಿನಿಂದ ಕೆರೆಯುವುದು ಬೇಡ. ಹೊಸ ಟೇಪಿನ ತುಂಡನ್ನು ಅದರ ಮೇಲೆ ಒತ್ತಿ ಒತ್ತಿ ಎತ್ತಿದರೆ ಹೆಚ್ಚಿನದು ಬಂದುಬಿಡುತ್ತದೆ.

ಮೆಷಿನ್ ಹಿಡಿಯುವ ರೀತಿ

ಪಾಲಿಶ್ ಮೆಷಿನ್‌ಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ರೋಟರಿ ಒಂದೇ ಅಚ್ಚಿನ ಸುತ್ತ ಗಿರಗಿರನೆ ತಿರುಗುತ್ತದೆ. 6 ಇಂಚಿನ ಪ್ಯಾಡು ನಿಮಿಷಕ್ಕೆ 1200 ಸುತ್ತು ತಿರುಗಿದರೆ ಅದರ ಹೊರ ಅಂಚು ಗಂಟೆಗೆ ಸುಮಾರು 34 ಕಿಲೋಮೀಟರ್ ವೇಗದಲ್ಲಿ ಬಣ್ಣವನ್ನು ಉಜ್ಜುತ್ತಿರುತ್ತದೆ. ಒತ್ತಿದರೂ ಅದು ಸುಲಭಕ್ಕೆ ನಿಲ್ಲದು. ಇನ್ನೊಂದು ಡ್ಯುಯಲ್ ಆಕ್ಷನ್. ಇದರ ಪ್ಯಾಡು ಸಣ್ಣ ವೃತ್ತದಲ್ಲಿ ಅಲುಗಾಡುತ್ತಾ ಜೊತೆಗೇ ನಿಧಾನವಾಗಿ ಸುತ್ತುತ್ತದೆ. ಹೆಚ್ಚಿನವುಗಳಲ್ಲಿ ಜೋರಾಗಿ ಒತ್ತಿದರೆ ಅಥವಾ ವಾಲಿಸಿದರೆ ಸುತ್ತುವುದು ನಿಂತುಹೋಗುತ್ತದೆ. ಆದ್ದರಿಂದಲೇ ಕಲಿಯುವವರಿಗೆ ಇದು ಸುರಕ್ಷಿತ. ಪ್ಯಾಡು ಕೂರುವ ತಟ್ಟೆಯ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟರೆ ಅದು ಸುತ್ತುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ.

ಯಾವ ಮೆಷಿನ್ ಆದರೂ ಅಂಚಿನ ಹತ್ತಿರ ನೆನಪಿಡಬೇಕಾದ ಸಂಗತಿಗಳು ಇವು.

ಪ್ಯಾಡನ್ನು ಸಮತಟ್ಟಾಗಿ ಇಡಿ. ಅಂಚಿನಿಂದ ಆಚೆಗೆ ಜೋತುಬಿದ್ದ ಸ್ಪಂಜು ಏಣಿನ ಸುತ್ತ ಮಡಚಿಕೊಂಡು ಅದನ್ನೇ ಕೊರೆಯುತ್ತದೆ.

ರೋಟರಿ ಬಳಸುವಾಗ ಪ್ಯಾಡು ಸುತ್ತುವ ದಿಕ್ಕನ್ನು ಗಮನಿಸಿ. ಅಂಚಿಗೆ ತಾಗುವ ಭಾಗ ಪ್ಯಾನೆಲಿನ ಒಳಗಿನಿಂದ ಹೊರಕ್ಕೆ ಜಾರಿ ಹೋಗುವಂತಿರಬೇಕು. ಹೊರಗಿನಿಂದ ಬಂದು ಅಂಚಿಗೆ ಗುದ್ದುವಂತಿದ್ದರೆ ಪ್ಯಾಡು ಸಿಕ್ಕಿಕೊಂಡು ಹರಿಯಬಹುದು, ಮೆಷಿನ್ ಕೈಯಿಂದ ಎಗರಬಹುದು.

ಏಣಿನ ಆಚೆ ಒಮ್ಮೆ, ಈಚೆ ಒಮ್ಮೆ ಬೇರೆ ಬೇರೆಯಾಗಿ ಪಾಲಿಶ್ ಮಾಡಿ. ಏಣನ್ನು ದಾಟಿ ಅತ್ತಿತ್ತ ಓಡಾಡಿಸಬೇಡಿ.

ಅಂಚಿನ ಬಳಿ ವೇಗ ಇಳಿಸಿ, ಕೈಭಾರ ಬಿಡಿ, ಒಂದೇ ಕಡೆ ನಿಲ್ಲಬೇಡಿ. ಇಕ್ಕಟ್ಟಿನ ಜಾಗಕ್ಕೆ 3 ಇಂಚಿನ ಅಥವಾ ಅದಕ್ಕೂ ಸಣ್ಣ ಪ್ಯಾಡು ಬಳಸಿ. ಆದರೆ ಸಣ್ಣ ಪ್ಯಾಡಿನ ಕೆಲಸ ಸಣ್ಣ ಜಾಗದಲ್ಲೇ ಸುತ್ತುವುದರಿಂದ ಅಲ್ಲಿ ಬೇಗ ಬಿಸಿಯೇರುತ್ತದೆ. ಆಗಾಗ ಅಂಗೈ ಇಟ್ಟು ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ನಿಲ್ಲಿಸಿ ಆರಲು ಬಿಡಿ. ಬಿಸಿಲಿನಲ್ಲಿ ನಿಂತ ಕಾರಿಗೆ ಪಾಲಿಶ್ ಮಾಡಲೇಬೇಡಿ.

ಎಲ್ಲ ಮುಗಿದ ಮೇಲೆ ಟೇಪ್ ತೆಗೆದು, ಉಳಿದ ಕಿರಿದಾದ ಪಟ್ಟಿಯನ್ನು ಕೈಯಿಂದ ಮಾಡಿ. ಮೈಕ್ರೋಫೈಬರ್ ಬಟ್ಟೆಗೆ ನಯವಾದ ಪಾಲಿಶ್ ಹಾಕಿ, ಏಣಿಗೆ ಅಡ್ಡಲಾಗಿ ಅಲ್ಲ, ಅದರ ಉದ್ದಕ್ಕೂ ಮೆಲ್ಲಗೆ ಉಜ್ಜಿದರೆ ಸಾಕು. ಸಂದಿಗೆ ಸೇರಿದ ಕಾಂಪೌಂಡನ್ನು ಒಣಗುವ ಮೊದಲೇ ಒದ್ದೆ ಮಾಡಿದ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ.

ಕೆಲವು ತಪ್ಪು ನಂಬಿಕೆಗಳು

"ಟೇಪ್ ಹಾಕಿದ ಮೇಲೆ ಭಯವಿಲ್ಲ." ಟೇಪ್ ಬರಿಯ ಕಾಗದ. ಅದರ ಮೇಲೆಯೇ ಮೆಷಿನ್ ನಿಲ್ಲಿಸಿದರೆ ಹರಿದುಹೋಗುತ್ತದೆ, ಬಿಸಿಯೂ ಕೆಳಗಿಳಿಯುತ್ತದೆ. ಅರಿಯದೆ ತಾಗಿದಾಗ ಕಾಪಾಡುವುದಷ್ಟೇ ಅದರ ಕೆಲಸ. ಇಲ್ಲಿಂದ ಮುಂದೆ ಬರಬೇಡ ಎಂದು ತೋರಿಸುವ ಗಡಿಗೆರೆ ಅದು.

"ಡ್ಯುಯಲ್ ಆಕ್ಷನ್ ಮೆಷಿನ್‌ನಿಂದ ಬಣ್ಣ ಹೋಗುವುದೇ ಇಲ್ಲ." ಹೋಗುತ್ತದೆ, ತುಸು ನಿಧಾನವಾಗಿ. ಗಟ್ಟಿ ಕಾಂಪೌಂಡ್ ಹಾಕಿ ಏಣಿನ ಮೇಲೆ ಬಿಡದೆ ಉಜ್ಜಿದರೆ ಇದೂ ಕ್ಲಿಯರ್ ಕೋಟನ್ನು ತೆಗೆಯುತ್ತದೆ. ಗಿಯರ್ ಇರುವ ಡ್ಯುಯಲ್ ಆಕ್ಷನ್ ಮೆಷಿನ್‌ಗಳಲ್ಲಂತೂ ಒತ್ತಿದರೂ ಸುತ್ತುವುದು ನಿಲ್ಲುವುದಿಲ್ಲ.

"ಮೀಟರ್ ಇಟ್ಟು ದಪ್ಪ ನೋಡಿದ್ದೇವೆ, ಬೇಕಾದಷ್ಟಿದೆ." ಸಾಮಾನ್ಯವಾಗಿ ಬಳಸುವ ಮೀಟರ್ ಎಲ್ಲ ಪದರಗಳ ಒಟ್ಟು ದಪ್ಪವನ್ನು ತೋರಿಸುತ್ತದೆ, ಕ್ಲಿಯರ್ ಕೋಟ್ ಎಷ್ಟಿದೆ ಎಂದು ಹೇಳುವುದಿಲ್ಲ. ಚೂಪಾದ ಏಣಿನ ಮೇಲೆ ಅದರ ತುದಿ ಸರಿಯಾಗಿ ಕೂರದು. ಲೋಹವನ್ನು ಆಧರಿಸಿ ಅಳೆಯುವ ಮೀಟರ್ ಪ್ಲಾಸ್ಟಿಕ್ ಬಂಪರಿನ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಬಾನೆಟ್ಟಿನ ನಡುವೆ ಸಿಕ್ಕ ಅಂಕಿ ಅಂಚಿನ ಬಗ್ಗೆ ಏನನ್ನೂ ಹೇಳದು.

"ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಹೋದದ್ದು ತುಂಬಿಕೊಳ್ಳುತ್ತದೆ." ಅದು ಬಹಳ ತೆಳುವಾದ ಪದರ. ಹೋದ ಕ್ಲಿಯರ್ ಕೋಟಿನ ಜಾಗವನ್ನು ತುಂಬುವ ಶಕ್ತಿ ಅದಕ್ಕಿಲ್ಲ.

ಅಂಚು ಹೋಗಿದೆ ಎಂದು ತಿಳಿಯುವುದು ಹೇಗೆ?

ಮೊದಲ ಸುಳಿವು ಪ್ಯಾಡಿನಲ್ಲೇ ಸಿಗುತ್ತದೆ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಪ್ಯಾಡಿನ ಮೇಲೆ ಬಿಳಿ ಅಥವಾ ಬೂದು ಬಣ್ಣದ ಕಾಂಪೌಂಡ್ ಮಾತ್ರ ಕಾಣಬೇಕು. ಕಾರಿನ ಬಣ್ಣವೇ ಹತ್ತತೊಡಗಿದರೆ ತಕ್ಷಣ ನಿಲ್ಲಿಸಿ. ಹಳೆಯ ಕಾರುಗಳಲ್ಲಿ ಮತ್ತು ಕ್ಲಿಯರ್ ಕೋಟ್ ಇಲ್ಲದೆ ಒಂದೇ ಪದರದ ಬಣ್ಣ ಹೊಡೆದಿರುವ ವಾಹನಗಳಲ್ಲಿ ಮೊದಲಿನಿಂದಲೇ ಬಣ್ಣ ಹತ್ತುತ್ತದೆ. ಅದಕ್ಕೆ ಮೊದಲೇ ಮರೆಯ ಜಾಗದಲ್ಲಿ ಕೈಯಿಂದ ಉಜ್ಜಿ ನೋಡಿ ತಿಳಿದುಕೊಂಡಿರಬೇಕು. ಎರಡನೆಯ ಸುಳಿವು, ಸುತ್ತಲೂ ಹೊಳಪಿದ್ದು ನಡುವೆ ಹೊಳೆಯದ ಮಂಕು ಕಲೆ, ಅದರ ಸುತ್ತ ಸಣ್ಣ ಗೆರೆಯಂಥ ಅಂಚು.

ಹೀಗಾದರೆ ಸರಿಯಾದ ದುರಸ್ತಿ ಎಂದರೆ ಆ ಭಾಗಕ್ಕೆ ಮತ್ತೆ ಬಣ್ಣ ಮತ್ತು ಕ್ಲಿಯರ್ ಕೋಟ್ ಹೊಡೆಸುವುದು. ಎರಡು ಇಂಚಿನ ಗೆರೆಗಾಗಿ ಇಡೀ ಬಾನೆಟ್ಟಿಗೆ ಸ್ಪ್ರೇ ಮಾಡಬೇಕಾಗಬಹುದು. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ. ವೈರು, ಪ್ಲಾಸ್ಟಿಕ್ ಎಲ್ಲ ಜೋಡಿಸಿದ ಕಾರನ್ನು ಅಷ್ಟು ಬಿಸಿ ಮಾಡಲಾಗದು. ಆದ್ದರಿಂದ ವರ್ಕ್‌ಶಾಪ್‌ಗಳಲ್ಲಿ 60 ಡಿಗ್ರಿ ಆಸುಪಾಸಿನಲ್ಲಿ ಒಣಗುವ ಬೇರೆ ಬಗೆಯ ಬಣ್ಣ ಬಳಸುತ್ತಾರೆ. ಮುಂದೆ ಕಾರು ಮಾರಲು ಹೋದಾಗ ಕೊಳ್ಳುವವರು ಮೀಟರ್ ಇಟ್ಟು ನೋಡಿ, "ಈ ಬಾನೆಟ್ಟಿಗೆ ಬಣ್ಣ ಹೊಡೆಸಿದ್ದೀರಿ, ಗಾಡಿ ಗುದ್ದಿತ್ತಾ?" ಎಂದು ಕೇಳುತ್ತಾರೆ. ಪಾಲಿಶ್‌ನಿಂದ ಹೀಗಾಯಿತು ಎಂದರೆ ನಂಬುವವರು ಕಡಿಮೆ. ದುರಸ್ತಿ ಮಾಡಿಸದೆ ಬಿಟ್ಟರೆ ಬಿಸಿಲು, ಮಳೆಗೆ ಸಿಕ್ಕಿ ಅಲ್ಲಿಂದಲೇ ಕ್ಲಿಯರ್ ಕೋಟ್ ಏಳತೊಡಗುತ್ತದೆ. ಲೋಹದವರೆಗೂ ಸವೆದಿದ್ದರೆ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ.

ಬೇರೆಯವರಿಂದ ಮಾಡಿಸುವಾಗ

ನಮ್ಮಲ್ಲಿ ಹೆಚ್ಚಿನವರು ಪಾಲಿಶ್ ಮಾಡಿಸುವುದು ಅಂಗಡಿಯಲ್ಲಿ. ಕಾರು ಬಿಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಅಂಚಿಗೆ, ಬೀಡಿಂಗಿಗೆ ಟೇಪ್ ಹಾಕುತ್ತೀರಾ? ಯಾವ ಮೆಷಿನ್ ಬಳಸುತ್ತೀರಿ? ಏಣುಗಳನ್ನು ಕೈಯಿಂದ ಮಾಡುತ್ತೀರಾ? ಮೊದಲು ನಯವಾದ ಪಾಲಿಶ್ ಹಾಕಿ ನೋಡಿ, ಅದರಿಂದ ಆಗದಿದ್ದರೆ ಮಾತ್ರ ಗಟ್ಟಿ ಕಾಂಪೌಂಡ್ ಬಳಸುತ್ತೀರಾ? ಮೊದಲೇ ಬಣ್ಣ ಹೊಡೆಸಿದ ಭಾಗವಿದ್ದರೆ ನೀವಾಗಿಯೇ ಹೇಳಿಬಿಡಿ. ಟೇಪ್ ಹಾಕಲು ಹೆಚ್ಚು ಸಮಯ ಹಿಡಿಯುತ್ತದೆ ಎಂದು ಅವರು ಹೇಳಿದರೆ ಅದು ಒಳ್ಳೆಯ ಗುರುತು. ಒಂದು ಗಂಟೆಯಲ್ಲಿ ಇಡೀ ಕಾರು ಮುಗಿಸುತ್ತೇವೆ ಎನ್ನುವವರು ಅಂಚಿಗೆಂದು ಸಮಯ ಕೊಟ್ಟಿರಲಾರರು. ಕಾರು ವಾಪಸ್ ಪಡೆಯುವಾಗ ಬೆಳಕಿನಲ್ಲಿ ನಿಲ್ಲಿಸಿ, ನಡುಭಾಗದ ಹೊಳಪಿಗಿಂತ ಮೊದಲು ಅಂಚುಗಳನ್ನು ನೋಡಿ.

ಕೊನೆಯದಾಗಿ ಒಂದು ಮಾತು. ಏಣಿನ ತುದಿಯಲ್ಲಿ ಒಂದೆರಡು ಸಣ್ಣ ಗೀರು ಉಳಿದರೆ ಉಳಿಯಲಿ. ದಾರಿಯಲ್ಲಿ ಹೋಗುವವರ ಕಣ್ಣು ಬೀಳುವುದು ಅಗಲವಾದ ಸಮತಟ್ಟು ಭಾಗಗಳ ಮೇಲೆ, ಅಂಚಿನ ಗೀರನ್ನು ಯಾರೂ ಗಮನಿಸುವುದಿಲ್ಲ. ಅದೇ ಅಂಚಿನಲ್ಲಿ ಬಣ್ಣವೇ ಹೋಗಿದ್ದರೆ ದೂರದಿಂದಲೂ ಕಾಣುತ್ತದೆ. ಉಳಿದ ಗೀರನ್ನು ಮುಂದೆ ಯಾವಾಗಲಾದರೂ ತೆಗೆಯಬಹುದು. ಹೋದ ಪದರವನ್ನು ಪಾಲಿಶ್‌ನಿಂದ ತರಲಾಗದು.